ಪ್ರಭುವಿಗೊಬ್ಬ ತಮ್ಮನಿದ್ದ

ಕೆಲವು ಇಂಗ್ಲಿಷ್ ಶಬ್ದಗಳನ್ನು ನಾವು ದಿನಬಳಕೆಗೆ ಇಟ್ಟುಕೊಂಡಿಲ್ಲ. ಮಂತ್ರಿಗಳ ಭಾಷಣ, ನಿವೃತ್ತರ ಬೀಳ್ಕೊಡುಗೆ, ಪರೀಕ್ಷೆಯ ಉತ್ತರಪತ್ರಿಕೆ ಈ ಮೂರನ್ನು ಬಿಟ್ಟರೆ ಅವು ಹೊರಗೆ ಬರುವುದೇ ಇಲ್ಲ. ‘ಪ್ರಾಬಿಟಿ’ ಅಂಥದೊಂದು ಶಬ್ದ. “ನಿನ್ನ ಪ್ರಾಬಿಟಿಗೆ ಮೆಚ್ಚಿದೆ ಕಣೆ” ಎಂದು ಹೆಂಡತಿಗೆ ಹೇಳಿದ ಗಂಡ ಕಲ್ಯಾಣ ಕರ್ನಾಟಕದ ಏಳೂ ಜಿಲ್ಲೆಗಳಲ್ಲಿ ಸಿಗಲಿಕ್ಕಿಲ್ಲ. ಹೇಳಿದನೆಂದೇ ಇಟ್ಟುಕೊಳ್ಳಿ, ಆಕೆ ಮೊದಲು ಅವನ ಬಿಪಿ ನೋಡಿಸುತ್ತಾಳೆ, ಆಮೇಲೆ ಅವನ ಮೊಬೈಲ್ ನೋಡುತ್ತಾಳೆ.

ಈ ಶಬ್ದಕ್ಕೆ ನಮ್ಮ ಕಡೆ ಈಚೆಗೆ ಬೆಲೆ ಬಂದದ್ದು ಯುಪಿಎಸ್‌ಸಿಯವರ ಕೃಪೆಯಿಂದ. 2013ರಲ್ಲಿ ಅವರು ನಾಗರಿಕ ಸೇವಾ ಮುಖ್ಯ ಪರೀಕ್ಷೆಗೆ ಸಾಮಾನ್ಯ ಅಧ್ಯಯನದ ನಾಲ್ಕನೆಯ ಪತ್ರಿಕೆಯೊಂದನ್ನು ಸೇರಿಸಿದರು. ವಿಷಯ ನೀತಿ, ಅಂಕ 250. ಅದರ ಪಠ್ಯಕ್ರಮದಲ್ಲಿ ‘ಪ್ರಾಬಿಟಿ ಇನ್ ಗವರ್ನೆನ್ಸ್’ ಎಂದು ಒಂದು ಭಾಗವೇ ಇದೆ. ಹೀಗಾಗಿ ಬೆಳಿಗ್ಗೆ ವಾಚನಾಲಯದ ಬಾಗಿಲು ತೆಗೆಯುವ ಮೊದಲೇ ಬಂದು, ಕರವಸ್ತ್ರ ಹಾಸಿ ಕುರ್ಚಿ ಹಿಡಿದು, ಕಲಬುರಗಿಯ ಹುಡುಗರು ಪ್ರಾಬಿಟಿಯನ್ನು ಬಾಯಿಪಾಠ ಮಾಡುತ್ತಾರೆ. ಪಕ್ಕದವನು ನೀರು ಕುಡಿಯಲು ಎದ್ದರೆ ಅವನ ಕುರ್ಚಿಯ ಮೇಲೂ ಇವರದೇ ಇನ್ನೊಂದು ಕರವಸ್ತ್ರ ಬೀಳುತ್ತದೆ, ಆ ಮಾತು ಬೇರೆ. ಅದು ಪಠ್ಯಕ್ರಮದಲ್ಲಿಲ್ಲ.

ನಮ್ಮ ಓಣಿಯಲ್ಲೊಬ್ಬ ಕಾಕಾ ಇದ್ದಾರೆ. ತಹಸೀಲ್ ಕಚೇರಿಗೆ ಗುಮಾಸ್ತರಾಗಿ ಸೇರಿ ಶಿರಸ್ತೇದಾರರಾಗಿ ನಿವೃತ್ತರಾದವರು. ಅವರ ಅಣ್ಣನ ಮಗ ಈ ಪರೀಕ್ಷೆಗೆ ಓದುತ್ತಾನೆ. ಚಹಾದಂಗಡಿಯಲ್ಲಿ ಒಮ್ಮೆ ಅವನ ಪುಸ್ತಕ ಇಸಕೊಂಡು, ಚಷ್ಮಾ ಹಣೆಗೇರಿಸಿ, ಕಾಕಾ ಕೇಳಿದರು:

“ಪ್ರಾಬಿಟಿ ಅಂದ್ರ ಏನೋ ತಮ್ಮಾ?”

“ಪ್ರಾಮಾಣಿಕತೆ, ಕಾಕಾ.”

“ಆನೆಸ್ಟಿ ಅಂದ್ರ?”

“ಅದೂ ಪ್ರಾಮಾಣಿಕತೆನೇ.”

“ಮತ್ತ ಈ ಇಂಟೆಗ್ರಿಟಿ?”

ಹುಡುಗ ತಲೆ ಕೆರೆದುಕೊಂಡ. “ಅದೂ... ಹಂಗೇ ಅದ ಕಾಕಾ.”

“ಅಂದ್ರ ಇಂಗ್ಲಿಷಿನವರ ಹತ್ರ ಮೂರು ನಮೂನಿ ಅದ, ನಮ್ಮ ಹತ್ರ ಇರೋದು ಒಂದೇ. ಅದಕ್ಕೇ ಇಷ್ಟು ಲಗೂ ಖಾಲಿ ಆಗ್ಯದ!”

ಕಾಕಾನ ಲೆಕ್ಕಕ್ಕೆ ಅಂಗಡಿಯವರೆಲ್ಲ ನಕ್ಕರು. ಆದರೆ ಆ ಮೂರೂ ನಮೂನೆಗಳು ಬೇರೆ ಬೇರೆ ಕಡೆಯಿಂದ ಬಂದವು. ಆನೆಸ್ಟಿಯ ಬುಡದಲ್ಲಿ ಮಾನ-ಮರ್ಯಾದೆ ಇದೆ. ‘ಆನರ್’ ಅದರ ಒಡಹುಟ್ಟು. ಇಂಟೆಗ್ರಿಟಿಯ ಬುಡದಲ್ಲಿ ಲ್ಯಾಟಿನ್ನಿನ ‘ಇಂಟೆಗರ್’ ಇದೆ. ಯಾರೂ ಮುಟ್ಟದ್ದು, ಹಾಗಾಗಿ ಮುಕ್ಕಾಗದೆ ಇಡಿಯಾಗಿ ಉಳಿದದ್ದು ಎಂದು ಅದರ ಅರ್ಥ. ಗಣಿತದ ಮಾಸ್ತರರು ಪೂರ್ಣಾಂಕವನ್ನು ‘ಇಂಟಿಜರ್’ ಎನ್ನುವುದು ಅದಕ್ಕೇ. 1976ರಲ್ಲಿ 42ನೇ ತಿದ್ದುಪಡಿಯ ಮೂಲಕ ಸಂವಿಧಾನದ ಪೀಠಿಕೆಗೆ ಈ ಶಬ್ದ ಬಂದಾಗ ಕನ್ನಡದಲ್ಲಿ ಅದು ‘ಅಖಂಡತೆ’ ಎನಿಸಿಕೊಂಡಿತು. ದೇಶಕ್ಕಾದರೆ ಅಖಂಡತೆ, ಗುಮಾಸ್ತನಿಗಾದರೆ ಪ್ರಾಮಾಣಿಕತೆ. ದೇಶದ್ದನ್ನು ಕಾಯಲು ಸೈನ್ಯವಿದೆ, ಗುಮಾಸ್ತನದನ್ನು ಕಾಯಲು ಪಾಪ ಅವನೊಬ್ಬನೇ.

ಪ್ರಾಬಿಟಿಯ ಕತೆ ಇವೆರಡಕ್ಕಿಂತ ಸ್ವಾರಸ್ಯ. ಅದು ಇಂಗ್ಲಿಷಿಗೆ ಬಂದದ್ದು ಹದಿನೈದನೆಯ ಶತಮಾನದಲ್ಲಿ, ಫ್ರೆಂಚರ ಮನೆಯಿಂದ. ಫ್ರೆಂಚರಿಗೆ ಕೊಟ್ಟದ್ದು ಲ್ಯಾಟಿನ್ನಿನ ‘ಪ್ರೊಬಿತಾಸ್’. ಅದರ ಹಿಂದಿರುವುದು ‘ಪ್ರೊಬುಸ್’, ಅಂದರೆ ಒಳ್ಳೆಯದು, ನೆಟ್ಟಗಿರುವುದು. ಅದನ್ನೂ ಬಿಡಿಸಿದರೆ ಎರಡು ತುಂಡು: ‘ಪ್ರೊ’ ಎಂದರೆ ಮುಂದೆ, ಇನ್ನೊಂದು ತುಂಡು ‘ಇರು’ ಎನ್ನುವ ಹಳೆಯ ಧಾತು. ಒಟ್ಟಿನಲ್ಲಿ ‘ಮುಂದಿರುವವನು’. ಈಗ ಸಂಸ್ಕೃತಕ್ಕೆ ಬನ್ನಿ. ಅಲ್ಲಿ ‘ಪ್ರ’ ಎಂದರೂ ಮುಂದೆ, ‘ಭೂ’ ಎಂದರೂ ಇರು. ಕೂಡಿಸಿ. ಏನಾಯಿತು?

ಪ್ರಭು!

ನಾನು ಹುರಿದು ಮಸಾಲೆ ಹಾಕಿದ್ದಲ್ಲ ಇದು. ಭಾಷಾಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿಟ್ಟ ನಂಟು. ಪ್ರಭು ಮತ್ತು ಪ್ರೊಬುಸ್ ಒಂದೇ ತಾಯಿಯ ಮಕ್ಕಳು. ಎಂದೋ ಆಸ್ತಿ ಪಾಲಾಗಿ ಅಣ್ಣ ಪೂರ್ವಕ್ಕೆ ಬಂದ, ತಮ್ಮ ಪಶ್ಚಿಮಕ್ಕೆ ಹೋದ. ಪೂರ್ವಕ್ಕೆ ಬಂದವನಿಗೆ ಕಿರೀಟ, ಪಲ್ಲಕ್ಕಿ, ಭೋಪರಾಕು, ಅಡ್ಡಬೀಳುವ ಜನ. ಪಶ್ಚಿಮಕ್ಕೆ ಹೋದವನ ಪಾಡು ಬೇರೆ. ಅಲ್ಲಿ ಅವನನ್ನು ಉಜ್ಜಿ ನೋಡಿದರು, ಕಾಸಿ ನೋಡಿದರು, ತೂಗಿ ನೋಡಿದರು. ‘ಪ್ರೊಬುಸ್’ನಿಂದ ಹುಟ್ಟಿದ ಕ್ರಿಯಾಪದವೇ ‘ಪ್ರೊಬಾರೆ’, ಪರೀಕ್ಷಿಸುವುದು, ಪರೀಕ್ಷಿಸಿ ಸರಿ ಎನ್ನುವುದು. ಮುಂದಿರುವವನು ಎಂಬ ಒಂದೇ ಹೆಸರು. ನಮ್ಮಲ್ಲಿ ಮುಂದೆ ನಿಂತವನಿಗೆ ಕೈಮುಗಿದರು, ಅವರಲ್ಲಿ ಮುಂದೆ ನಿಂತವನನ್ನು ತಡೆದು ಜೇಬು ತೋರಿಸು ಎಂದರು.

ಇನ್ನು ಕಲಬುರಗಿಯ ಐವಾನ್-ಎ-ಶಾಹಿಯ ಹೆಸರನ್ನು ನೋಡಿ. ಪಾರ್ಸಿಯಲ್ಲಿ ‘ಐವಾನ್’ ಎಂದರೆ ಅರಮನೆಯ ದೊಡ್ಡ ಪಡಸಾಲೆ, ಅರಮನೆಯೇ ಎಂದರೂ ನಡೆದೀತು. ‘ಶಾಹಿ’ ಎಂದರೆ ಶಹನದು, ದೊರೆಯದು. ನಿಜಾಮರು ಕಲಬುರಗಿಗೆ ಬಂದರೆ ಇಳಿದುಕೊಳ್ಳಲೆಂದು ಇದ್ದ ಬಂಗಲೆ. ಅದನ್ನು ಅಪ್ಪಟ ಸಂಸ್ಕೃತದಲ್ಲಿ ಹೇಳಿದರೆ ‘ಪ್ರಭುಭವನ’. ಈಗ ಅದು ಸರ್ಕಾರಿ ಅತಿಥಿಗೃಹ. ನಿಜಾಮರು ಹೋದರು, ಉಸ್ತುವಾರಿ ಸಚಿವರು ಬಂದರು. ಅಣ್ಣನ ವಾಸ್ತವ್ಯಕ್ಕೇನೂ ಅಡ್ಡಿಯಾಗಿಲ್ಲ.

ಸಚಿವರು ಬಂದ ದಿನ ನೀವು ನೋಡಿರುತ್ತೀರಿ. ಬಿಳಿ ಕಾರುಗಳ ಸಾಲು, ವಾಕಿಟಾಕಿಯ ಗೊರಗೊರ, ಎರಡು ದಿನ ಮೊದಲೇ ಒತ್ತಿದ ಖಾದಿ. ಪತ್ರಿಕಾಗೋಷ್ಠಿಗೆ ಕ್ಯಾಮೆರಾ ಹೊತ್ತವರು ಒಂದು ಕಡೆ, ಪ್ಲಾಸ್ಟಿಕ್ ಕವರಿನಲ್ಲಿ ಮನವಿಪತ್ರ ಹಿಡಿದವರು ಇನ್ನೊಂದು ಕಡೆ. ಕಮಲಾಪುರದ ಕಡೆಯ ರೈತನೊಬ್ಬ ಪಹಣಿ ತಿದ್ದುಪಡಿಗೆಂದು ಬಂದಿರುತ್ತಾನೆ. ಆ ಮನವಿಯ ಮೇಲೆ ಮೊದಲ ಸಾಲಿನಲ್ಲಿ ಏನಿರುತ್ತದೆ? ‘ಮಾನ್ಯರೇ’. ಕೊನೆಯ ಸಾಲಿನಲ್ಲಿ? ‘ತಮ್ಮ ವಿಧೇಯ’. ಅಣ್ಣನಿಗೆ ಸಲ್ಲಬೇಕಾದ್ದೆಲ್ಲ ಕ್ರಮವಾಗಿ ಸಲ್ಲುತ್ತದೆ. ಈಗ ಊಹಿಸಿಕೊಳ್ಳಿ, ಅದೇ ಗೇಟಿಗೆ ತಮ್ಮ ಬಂದು ನಿಂತ. ಕಾರಿಲ್ಲ, ಪಿಎ ಇಲ್ಲ, ಹಾರ ಹಿಡಿದವರಿಲ್ಲ.

“ಯಾರ್ರಿ ನೀವು?”

“ಪ್ರಾಬಿಟಿ.”

“ಯಾವ ಇಲಾಖೆರಿ?”

ಈ ಪ್ರಶ್ನೆಗೆ ಅವನ ಹತ್ತಿರ ಉತ್ತರವಿಲ್ಲ. ಎಲ್ಲ ಇಲಾಖೆಯ ಕಡತದಲ್ಲೂ ಅವನ ಹೆಸರಿದೆ, ಯಾವ ಇಲಾಖೆಯಲ್ಲೂ ಹುದ್ದೆ ಮಂಜೂರಾಗಿಲ್ಲ. ಸುಮಾರು ಹತ್ತೊಂಬತ್ತು ನೂರು ವರ್ಷಗಳ ಹಿಂದೆ ರೋಮಿನ ವಿಡಂಬನಕಾರ ಜುವೆನಲ್ ಈ ತಮ್ಮನನ್ನು ಜನ ಹೊಗಳಿ ಚಳಿಯಲ್ಲಿ ನಡುಗಲು ಬಿಡುತ್ತಾರೆಂದು ಲೇವಡಿ ಮಾಡಿದ್ದ. ಪುಣ್ಯಾತ್ಮ ಮೇ ತಿಂಗಳ ಕಲಬುರಗಿ ಕಂಡಿರಲಿಲ್ಲ. ಇಲ್ಲಿಯ ಬಿಸಿಲಿಗೆ ತಮ್ಮ ನಡುಗುವ ಪ್ರಶ್ನೆಯೇ ಇಲ್ಲ, ನಿಂತಲ್ಲೇ ಹಪ್ಪಳವಾಗುತ್ತಾನೆ.

ಅವನ ಹಳೆಯ ನೌಕರಿ ಎಲ್ಲಿತ್ತು ಗೊತ್ತೇ? ಖಜಾನೆಯಲ್ಲಿ. ಲ್ಯಾಟಿನ್ ಮಾತಾಡುವವರು ಮನುಷ್ಯರಿಗೆ ಮಾತ್ರ ‘ಪ್ರೊಬುಸ್’ ಎನ್ನುತ್ತಿರಲಿಲ್ಲ. ಒಳ್ಳೆಯ ಫಸಲಿಗೂ ಪ್ರೊಬುಸ್, ಒಳ್ಳೆಯ ಬೆಳ್ಳಿಗೂ ಪ್ರೊಬುಸ್. ಕ್ರಿಸ್ತಪೂರ್ವ 199ರ ಒಂದು ಸಂಗತಿಯನ್ನು ಇತಿಹಾಸಕಾರ ಲಿವಿ ಬರೆದಿಟ್ಟಿದ್ದಾನೆ. ಯುದ್ಧದಲ್ಲಿ ಸೋತ ಕಾರ್ಥೇಜಿನವರು ರೋಮಿಗೆ ಕಪ್ಪದ ಮೊದಲ ಕಂತು ತಂದರು, ಬೆಳ್ಳಿಯ ರೂಪದಲ್ಲಿ. ಖಜಾನೆಯ ಅಧಿಕಾರಿಗಳು ನೋಡಿ, ಇದು ‘ಪ್ರೊಬುಸ್’ ಅಲ್ಲ ಎಂದು ವರದಿ ಕೊಟ್ಟರು. ಕಾಸಿ ನೋಡಿದರೆ ಕಾಲುಪಾಲು ಕರಗಿಹೋಯಿತು! ಕಾರ್ಥೇಜಿನವರು ರೋಮಿನಲ್ಲೇ ಸಾಲ ಎತ್ತಿ ಕೊರತೆ ತುಂಬಿಕೊಟ್ಟರು. ಇದನ್ನು ಕೇಳಿ ಕಾಕಾ ಗಂಭೀರವಾಗಿ ತಲೆಯಾಡಿಸಿದರು. “ಕಾಲುಪಾಲೇ ಹೋಗಿದ್ದು? ಹಂಗಾದ್ರ ಆ ಟೆಂಡರ್ ಛಲೋನೇ ಆಗಿತ್ತು ಬಿಡು.”

ಈ ಕಾಸುವ ತಿಕ್ಕುವ ಕೆಲಸ ಕಲಬುರಗಿಗೇನೂ ಹೊಸದಲ್ಲ. ನೆಹರೂ ಗಂಜಿಗೆ ಹೋಗಿ ಸುಗ್ಗಿಯಲ್ಲಿ ನಿಲ್ಲಿ. ತೊಗರಿಯ ಚೀಲಗಳು ಒಟ್ಟಿರುತ್ತವೆ. ಖರೀದಿದಾರ ಬರುತ್ತಾನೆ, ರೈತನ ಮುಖ ನೋಡುವುದಿಲ್ಲ. ಮೊನಚಾದ ಕೊಳವೆಯೊಂದನ್ನು ಚೀಲದ ಹೊಟ್ಟೆಗೆ ಚುಚ್ಚುತ್ತಾನೆ. ಮೇಲಿನದು ಚಂದ ಕಾಣುತ್ತದೆ, ಒಳಗಿನದು ಬೇಕು. ಕೊಳವೆಯೊಳಗಿಂದ ಜಾರಿಬಂದ ಕಾಳನ್ನು ಅಂಗೈಯಲ್ಲಿ ಹರಡಿ, ಬೆರಳಿನಿಂದ ಆಚೀಚೆ ಮಾಡಿ, ಊದಿ, ಒಂದು ಕಾಳನ್ನು ಹಲ್ಲಿನ ಸಂದಿಗಿಟ್ಟು ಕಚ್ಚುತ್ತಾನೆ. ಕಟ್ ಎಂದರೆ ಒಣಗಿದೆ, ಮೆತ್ತಗಾದರೆ ಹಸಿ ಇದೆ. ಆ ಕೊಳವೆಯನ್ನು ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದಿರಿ? ‘ಪ್ರೋಬ್’! ಪ್ರಾಬಿಟಿಯ ಸ್ವಂತ ಮಗ. ನಮ್ಮ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದ್ದೂ ಹೀಗೆ ಚುಚ್ಚಿಸಿಕೊಂಡು, ಕಚ್ಚಿಸಿಕೊಂಡು ಗೆದ್ದ ಹೆಸರಿನಿಂದಲೇ. ತೊಗರಿಗಿರುವ ಈ ಸಹನೆ ಎಷ್ಟು ಜನ ದೊಡ್ಡವರಿಗಿದೆ? ಕೊಳವೆ ಹಿಡಿದು ಹತ್ತಿರ ಬಂದರೆ ಸಾಕು, ‘ಇದು ರಾಜಕೀಯ ಪ್ರೇರಿತ’ ಎನ್ನುತ್ತಾರೆ.

ಸರಾಫ್ ಬಜಾರಿನಲ್ಲಿ ಇದೇ ಕತೆ, ಬೆಳ್ಳಿ-ಬಂಗಾರದ ಮೇಲೆ. ನಾಣ್ಯ ಖರೇಯೋ ಖೋಟಾನೋ ಎಂದು ಕಲ್ಲಿನ ಮೇಲೆ ಕುಟ್ಟಿ ಸದ್ದು ಕೇಳುತ್ತಿದ್ದ ಕಾಲವೊಂದಿತ್ತು. ಆ ನಾಣ್ಯದ ಮಾತನ್ನೇ ನಮ್ಮ ಕಡೆಯವರು ಮನುಷ್ಯರಿಗೂ ಹಚ್ಚಿದರು. “ಆತ ಖರೇ ಮನಿಷ್ಯಾ ಅದಾನ” ಎಂದು ಕಲಬುರಗಿಯಲ್ಲಿ ಯಾರಾದರೂ ಹೇಳಿದರೆ ಅದಕ್ಕಿಂತ ದೊಡ್ಡ ಪದವಿ ಇನ್ನಿಲ್ಲ. ಬಾರಿಸಿದಾಗ ಸದ್ದು ಸರಿ ಬಂದಿದೆ ಎಂದರ್ಥ. ರೋಮಿನವನ ಪ್ರೊಬುಸ್‌ಗೆ ಇದಕ್ಕಿಂತ ಹತ್ತಿರದ ಕನ್ನಡ ನನಗಂತೂ ಕಾಣದು. ಕಾಕಾನ ಅಣ್ಣನ ಮಗ ಇದನ್ನೇ ಉತ್ತರಪತ್ರಿಕೆಯಲ್ಲಿ ಬರೆಯಲೇ ಎಂದು ಕೇಳಿದ. ಬರೆಯಪ್ಪಾ, ಅಂಕ ಕೊಡುವವರು ಖರೇ ಇದ್ದರೆ ಕೊಡುತ್ತಾರೆ.

ತಮ್ಮನ ಸಂಸಾರ ದೊಡ್ಡದು. ‘ಪ್ರೂಫ್’ ಅವನ ಪೈಕಿ. ಆಧಾರ್ ಜೆರಾಕ್ಸ್ ಹಿಡಿದು ಕ್ಯೂನಲ್ಲಿ ನಿಂತವರಿಗೆಲ್ಲ ಅವನ ಪರಿಚಯವಿದೆ. ‘ಅಪ್ರೂವ್’ ಅವನ ಪೈಕಿ. ಅವನು ಸಹಿಯ ಪಕ್ಕದಲ್ಲಿ ಕೂತಿರುತ್ತಾನೆ. ಕಳ್ಳತನದಲ್ಲಿ ಪಾಲುದಾರನಾಗಿದ್ದು ಆಮೇಲೆ ಮಾಫಿಸಾಕ್ಷಿಯಾಗುವ ‘ಅಪ್ರೂವರ್’ ಕೂಡ ಅದೇ ಮನೆತನದವನು, ಮನೆತನವೆಂದ ಮೇಲೆ ಒಬ್ಬ ಹೀಗೆ ಇದ್ದೇ ಇರುತ್ತಾನೆ. ಎಲ್ಲರಿಗಿಂತ ಮುದ್ದಿನವನು ‘ಪ್ರೊಬೇಷನ್’. ಕೆಪಿಎಸ್‌ಸಿ ಗೆದ್ದು ಬಂದ ಹೊಸ ಅಧಿಕಾರಿಯನ್ನು ‘ಗೆಜೆಟೆಡ್ ಪ್ರೊಬೇಷನರ್’ ಎನ್ನುತ್ತಾರೆ. ಅಂದರೆ ಇನ್ನೂ ಕಾಸುವುದು ಮುಗಿದಿಲ್ಲದವನು. ಆ ಅವಧಿಯಲ್ಲಿ ಅವನು ಹತ್ತಕ್ಕೆ ಬರುತ್ತಾನೆ, ಮಂದಿಗೆ ‘ಕುಂದ್ರಿ’ ಎನ್ನುತ್ತಾನೆ, ಚಹಾದ ದುಡ್ಡು ತಾನೇ ಕೊಡುತ್ತಾನೆ. ಕೆಲವರು ನಿವೃತ್ತಿಯವರೆಗೂ ಹಾಗೇ ಇರುತ್ತಾರೆ, ಅವರಿಗೆ ಶರಣು. ಇನ್ನು ಕೆಲವರು ಪ್ರೊಬೇಷನ್ ಮುಗಿದ ಆದೇಶ ಓದುವಾಗ ಕನ್ನಡಕ ಸರಿ ಹಾಕಿಕೊಳ್ಳದೆ, ಮುಗಿದದ್ದು ಪ್ರಾಬಿಟಿ ಎಂದು ಓದಿಕೊಂಡುಬಿಡುತ್ತಾರೆ.

ನಮ್ಮಲ್ಲಿ ಇಂಥ ನಂಟು ಇಲ್ಲವೆಂದುಕೊಳ್ಳಬೇಡಿ. ‘ಪ್ರಮಾಣ’ ಎಂದರೆ ಅಳತೆ, ಪುರಾವೆ. ಅದರಿಂದಲೇ ‘ಪ್ರಾಮಾಣಿಕ’. ಪುರಾವೆಗೆ ನಿಲ್ಲುವವನು, ಅಳೆದರೆ ಕಡಿಮೆ ಬೀಳದವನು. ಪೂರ್ವದವರೂ ಪಶ್ಚಿಮದವರೂ ಒಬ್ಬರಿಗೊಬ್ಬರು ಹೇಳದೆ ಕೇಳದೆ ಒಂದೇ ತೀರ್ಮಾನಕ್ಕೆ ಬಂದಿದ್ದರು, ನೋಡಿ. ಆದರೆ ನಾವು ಜಾಣರು. ಅದೇ ಪ್ರಮಾಣಕ್ಕೆ ‘ಆಣೆ’ ಎಂಬ ಇನ್ನೊಂದು ಅರ್ಥ ಹಚ್ಚಿ ಕೆಲಸ ಹಗುರ ಮಾಡಿಕೊಂಡೆವು. ಅಳೆಯುವುದು ಯಾಕೆ, ತೂಗುವುದು ಯಾಕೆ? ಪ್ರಮಾಣ ಮಾಡಿದರಾಯಿತು! ಸಂವಿಧಾನದ ಮೂರನೆಯ ಅನುಸೂಚಿಯಲ್ಲಿರುವ ಒಕ್ಕಣೆಯನ್ನು ರಾಜಭವನದಲ್ಲಿ ಒಮ್ಮೆ ಓದಿ, ದೇವರ ಹೆಸರೋ ರೈತರ ಹೆಸರೋ ತಾಯಿಯ ಹೆಸರೋ ಹೇಳಿಬಿಟ್ಟರೆ ಐದು ವರ್ಷದ ಪ್ರಾಮಾಣಿಕತೆ ಮುಂಗಡವಾಗಿ ಜಮೆ. ಪುರಾವೆ ಕೇಳುವವನಿಗೆ ಉತ್ತರ ಸಿದ್ಧ: “ಆಣೆ ಮಾಡೀನಲ್ರಿ, ಮತ್ತೇನ್ ಬೇಕು?”

ಆದರೆ ಇದೇ ಸೀಮೆಯಲ್ಲಿ ಹೀಗೆ ಹೇಳದವರಿದ್ದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದವರು ಬಸವಣ್ಣ. ಭಂಡಾರದ ಹಣವನ್ನು ಜಂಗಮರಿಗೆ ಹಂಚುತ್ತಿದ್ದಾರೆಂದು ಚಾಡಿ ಹೇಳಿದವರು ಹೇಳಿದರು. ಪುರಾಣಗಳು ಮುಂದಿನದನ್ನು ಪವಾಡವಾಗಿ ಹೇಳುತ್ತವೆ. ಎಣಿಸಿದರೆ ಒಂದು ಹೊನ್ನೂ ಕಡಿಮೆ ಇರಲಿಲ್ಲವಂತೆ. ನನಗೆ ಪವಾಡ ಕಾಣುವುದು ಬೇರೆ ಕಡೆ. ಭಂಡಾರಿ ಆಣೆ ಇಡಲಿಲ್ಲ, ಎದೆನೋವೆಂದು ದವಾಖಾನೆ ಸೇರಲಿಲ್ಲ, ತಡೆಯಾಜ್ಞೆಗೆ ಓಡಲಿಲ್ಲ. ಬಾಗಿಲು ತೆಗೆದು, ಎಣಿಸಿಕೊಳ್ಳಿ ಎಂದ. ಈ ಕಾಲದಲ್ಲಿ ಇದಕ್ಕಿಂತ ದೊಡ್ಡ ಪವಾಡ ಯಾವುದಿದೆ?

ಅದೇ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿ ಇದ್ದರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದ. ಹೆಚ್ಚು ಚೆಲ್ಲಿಸಿದ್ದು ಬಸವಣ್ಣನೇ, ಪರೀಕ್ಷೆಗೆಂದು, ಎಂದು ಹೇಳುವ ವಾಡಿಕೆ ಇದೆ. ಹಾಗಿದ್ದರೆ ಇದು ಕನ್ನಡನಾಡಿನ ಮೊದಲ ಟ್ರ್ಯಾಪ್ ಕೇಸು! ಬಲೆಗೆ ಬೀಳಲಿದ್ದ ಗಂಡನನ್ನು ಉಳಿಸಿದ್ದು ಹೆಂಡತಿ. ಇಷ್ಟು ಯಾಕೆ ತಂದೆ, ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದು ವಾಪಸ್ಸು ಅಟ್ಟಿದಳು. ನಮ್ಮ ಕಾಲದ ಆದಾಯ ಮೀರಿದ ಆಸ್ತಿಯ ಸುದ್ದಿಗಳಲ್ಲೂ ಹೆಂಡತಿಯ ಹೆಸರು ಬರುತ್ತದೆ, ಸೈಟು ಯಾರ ಹೆಸರಲ್ಲಿದೆ ಎನ್ನುವ ಕಾಲಂನಲ್ಲಿ.

ಇನ್ನು ನಮ್ಮ ಕಾಲದ ಟ್ರ್ಯಾಪಿಗೆ ಬರೋಣ. ರೋಮಿನವರು ಬೆಳ್ಳಿ ಕಾಸಿದಂತೆ ನಮ್ಮಲ್ಲಿ ಕೈ ತೊಳೆಸುತ್ತಾರೆ. 1984ರ ಕಾಯ್ದೆಯಿಂದ ನಮಗೆ ಲೋಕಾಯುಕ್ತ ಬಂತು, 1988ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆ ಬಂತು. ಮಧ್ಯೆ 2016ರಲ್ಲಿ ಟ್ರ್ಯಾಪ್ ಮಾಡುವ ಅಧಿಕಾರವನ್ನು ಭ್ರಷ್ಟಾಚಾರ ನಿಗ್ರಹ ದಳಕ್ಕೆ, ಅಂದರೆ ಎಸಿಬಿಗೆ ಕೊಟ್ಟರು. 2022ರ ಆಗಸ್ಟಿನಲ್ಲಿ ಹೈಕೋರ್ಟು ಎಸಿಬಿಯನ್ನೇ ರದ್ದು ಮಾಡಿ ಕೆಲಸವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಕೈ ಯಾರು ತೊಳೆಸಬೇಕು ಎಂಬ ಜಗಳವೇ ಆರು ವರ್ಷ ನಡೆಯಿತೆಂದ ಮೇಲೆ, ತೊಳೆಸಿಕೊಳ್ಳಬೇಕಾದವರು ಅವಸರಪಡುವುದೆಂತು?

ತೊಳೆಸುವ ಕ್ರಮ ಮಾತ್ರ ನೋಡುವಂಥದ್ದು. ದೂರು ಕೊಟ್ಟವನು ತಂದ ನೋಟುಗಳ ನಂಬರು ಬರೆದುಕೊಳ್ಳುತ್ತಾರೆ, ಪಂಚರ ಮುಂದೆ. ನೋಟಿಗೆ ಫಿನಾಲ್ಫ್ತಲೀನ್ ಎಂಬ ಬಿಳಿ ಪುಡಿ ಸವರುತ್ತಾರೆ. ಅದಕ್ಕೆ ವಾಸನೆಯಿಲ್ಲ, ಕಣ್ಣಿಗೂ ಬೀಳುವುದಿಲ್ಲ. ಸಾಹೇಬರು ನೋಟು ಮುಟ್ಟಿದ ಮೇಲೆ ಗಾಜಿನ ಲೋಟಗಳಲ್ಲಿ ಸೋಡಿಯಂ ಕಾರ್ಬೊನೇಟ್ ಕಲಸಿದ ನೀರು ಬರುತ್ತದೆ. ಬಲಗೈ ಒಂದು ಲೋಟದಲ್ಲಿ, ಎಡಗೈ ಇನ್ನೊಂದರಲ್ಲಿ. ಬೆರಳು ಅದ್ದಿದ್ದೇ ತಡ, ತಿಳಿನೀರು ಗುಲಾಬಿ! ಮುಟ್ಟದವನೇ ‘ಇಂಟೆಗರ್’ ಎಂದು ಲ್ಯಾಟಿನ್ ಹೇಳಿದ್ದನ್ನು ನಮ್ಮ ಪೊಲೀಸರು ಅಕ್ಷರಶಃ ಜಾರಿಗೆ ತಂದಿದ್ದಾರೆ. ನೋಟನ್ನು ಪ್ಯಾಂಟಿನ ಕಿಸೆಗೆ ಹಾಕಿಕೊಂಡಿದ್ದರೆ ಆ ಪ್ಯಾಂಟನ್ನೇ ಬಿಚ್ಚಿಸಿ, ಬೇರೆ ಪ್ಯಾಂಟು ತರಿಸಿಕೊಟ್ಟು, ಕಿಸೆಯನ್ನೂ ಅದ್ದುತ್ತಾರೆ. ಜರ್ಮನಿಯ ಬೇಯರ್ ಎಂಬ ರಸಾಯನಶಾಸ್ತ್ರಜ್ಞ 1871ರಲ್ಲಿ ಈ ಪುಡಿಯನ್ನು ಕಂಡುಹಿಡಿದ. ಮುಂದೆ ಹಲವು ದಶಕ ಅದನ್ನು ಭೇದಿ ಮಾತ್ರೆಯಾಗಿಯೂ ಮಾರಿದರು. ಅಂದರೆ ನುಂಗಿದ್ದನ್ನು ಹೊರಗೆ ಬರಿಸುವುದು ಅದರ ಹುಟ್ಟುಗುಣ.

ಈ ವಿವರ ಕೇಳಿ ಕಾಕಾನಿಗೆ ಹಳೆಯ ಮಾತೊಂದು ನೆನಪಾಯಿತು. ನೌಕರಿಗೆ ಸೇರುವ ಹುಡುಗರಿಗೆ ಹಿರಿಯರು ಹೇಳುತ್ತಿದ್ದುದು ಅದೊಂದೇ: ಕೈ, ಬಾಯಿ, ಕಚ್ಚೆ ಮೂರೂ ಶುದ್ಧ ಇರಬೇಕು. “ನಿನ್ನ 250 ಮಾರ್ಕಿನ ಪೇಪರ್ ಪೂರಾ ಅದರಾಗೇ ಅದ ತಮ್ಮಾ,” ಎಂದರು. ಹುಡುಗ ಯೋಚಿಸಿ, “ಕೈ ತೊಳೆದ್ರು, ಕಿಸೆ ಅಂದ್ರ ಕಚ್ಚಿನೂ ತೊಳೆದ್ರು. ಬಾಯಿ ಹೆಂಗ ತೊಳೀತಾರ ಕಾಕಾ?” ಎಂದ. ಕಾಕಾ ಸ್ವಲ್ಪ ಹೊತ್ತು ಚಹಾ ಹೀರಿದರು. “ಅದಕ್ಕ ಇನ್ನಾ ಪುಡಿ ಬಂದಿಲ್ಲೋ. ಬಂದ್ರ ಎಲೆಕ್ಷನ್ ಭಾಷಣ ಬಂದ್ ಆಗ್ತಾವ.”

ಕಚೇರಿಗಳಲ್ಲಿ ತೊಳೆಯದೆಯೇ ಫಲಿತಾಂಶ ಬರೆಯುವ ಪದ್ಧತಿಯೂ ಇದೆ. ನೌಕರರ ವಾರ್ಷಿಕ ವರದಿಯಲ್ಲಿ ‘ಇಂಟೆಗ್ರಿಟಿ’ ಎಂದೊಂದು ಕಾಲಂ. ಅಲ್ಲಿ ಬರೆಯುವ ರೂಢಿಯ ಉತ್ತರ ‘ಬಿಯಾಂಡ್ ಡೌಟ್’, ಸಂಶಯಾತೀತ. ಎಷ್ಟು ಜನರ ಬಗ್ಗೆ ಇದನ್ನು ಬರೆದಿರಬಹುದು ಯೋಚಿಸಿ. ಒಂದೇ ಕಟ್ಟಡದಲ್ಲಿ ಇಷ್ಟು ಸಂಶಯಾತೀತರು ಕೂತಿದ್ದರೂ ಹೊರಗಿನ ಕಟ್ಟೆಯ ಮೇಲೆ ಕೂತ ರೈತನಿಗೆ ಸಂಶಯ ಯಾಕೆ ಬರುತ್ತದೋ! ಅವನಿಗೆ ಕಾಲಂ ಗೊತ್ತಿಲ್ಲ, ಅವನಿಗೆ ಗೊತ್ತಿರುವುದು ಬೇರೆ ನಿಘಂಟು: ಮಾಮೂಲು, ಖುಷಿ, ಚಹಾಪಾನಿ, ಸಂಬಳದ ಜೋಡಿ ಗಿಂಬಳ.

ನಿಜಾಮರ ಕಾಲದಲ್ಲಿ ಇದಕ್ಕೊಂದು ಶಿಸ್ತಿತ್ತು. ನಗಬೇಡಿ. 1911ರಿಂದ 1948ರವರೆಗೆ ಆಳಿದ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ರಾಜ್ಯದಲ್ಲಿ ಜಮೀನು ಹಲವು ಬಗೆ. ಸರ್ಕಾರದ್ದು ದಿವಾನಿ, ದೊರೆಯ ಸ್ವಂತ ಖರ್ಚಿನದು ಸರ್ಫ್-ಎ-ಖಾಸ್. ಇದು ನನ್ನ ಕಿಸೆ, ಅದು ರಾಜ್ಯದ ಕಿಸೆ ಎಂದು ಬೋರ್ಡು ಹಾಕಿಕೊಂಡ ಪ್ರಭು! ಅದರ ಮೇಲೆ ಅಮೀರ-ಉಮರಾವರು ಸಮಯ ಸಂದರ್ಭಕ್ಕೆ ಅಶರಫಿಗಳ ನಜರು ಒಪ್ಪಿಸುತ್ತಿದ್ದರು, ದರ್ಬಾರಿನಲ್ಲಿ, ಎಲ್ಲರ ಎದುರಿಗೆ. 1949ರಲ್ಲಿ ಸರ್ಫ್-ಎ-ಖಾಸ್ ಸರ್ಕಾರಕ್ಕೆ ಸೇರಿತು. ಒಬ್ಬ ದೊರೆಯ ಖಾಸಾ ಕಿಸೆಯೇನೋ ಮುಚ್ಚಿತು. ಆಮೇಲೆ ಬೋರ್ಡಿಲ್ಲದ ಕಿಸೆಗಳು ಎಷ್ಟು ತೆರೆದವೋ, ಅವಕ್ಕೆ ಗೆಜೆಟ್ ಪ್ರಕಟಣೆ ಬರುವುದಿಲ್ಲ.

“ಹಣ್ಣು ಕೊಡೋದೂ ಲಂಚ ಏನ್ ಕಾಕಾ?” ಎಂದು ಹುಡುಗ ಕೇಳಿದ. ಇಂಥ ಪ್ರಶ್ನೆ ಆ ಪತ್ರಿಕೆಯಲ್ಲಿ ಬರುತ್ತದಂತೆ. ಕಮಲಾಪುರದ ಕೆಂಪು ಬಾಳೆಹಣ್ಣು, ಅದಕ್ಕೂ ಜಿಐ ಇದೆ, ಊರಿನ ಅಭಿಮಾನದ ಹಣ್ಣು. ಸಾಹೇಬರ ಮನೆಗೆ ಒಂದು ಡಜನ್ ಒಯ್ದರೆ ಸೋಡಾ ನೀರು ಗುಲಾಬಿಯಾಗುತ್ತದೆಯೇ? ಆಗುವುದಿಲ್ಲ. ಕಾಕಾನ ಪರೀಕ್ಷೆ ಬೇರೆ ಇತ್ತು: “ಸಾಹೇಬರಿಗೆ ವರ್ಗ ಆಗಿ ಹೋಗೋ ದಿನ ಒಯ್ದು ಕೊಟ್ರ ಅದು ಹಣ್ಣು. ಫೈಲ್ ಟೇಬಲ್ ಮ್ಯಾಲ ಇರೋ ದಿನ ಒಯ್ದ್ರ ಅದು ಹಣ್ಣಲ್ಲ.” ಯುಪಿಎಸ್‌ಸಿಯ ಮಾದರಿ ಉತ್ತರದಲ್ಲಿ ಇಷ್ಟು ಸ್ಪಷ್ಟತೆ ಇರುವುದು ಅನುಮಾನ.

ಇಷ್ಟು ಹೊತ್ತು ನೀವು ನಗುತ್ತ ಓದಿದಿರಿ, ಯಾಕೆಂದರೆ ಬೈಸಿಕೊಂಡವರು ಸಾಹೇಬರು, ಸಚಿವರು, ಕಾರ್ಥೇಜಿನವರು. ಸ್ವಲ್ಪ ತಡೆಯಿರಿ. ನಮ್ಮ ವ್ಯವಸ್ಥೆಯ ಹೆಸರೇನು? ಪ್ರಜಾಪ್ರಭುತ್ವ. ಅಂದರೆ ಐವಾನ್-ಎ-ಶಾಹಿಯ ಈಗಿನ ಶಹ ಯಾರು? ಒಳಗೆ ಸೋಫಾದ ಮೇಲೆ ಕೂತವರಲ್ಲ, ಹೊರಗೆ ಪ್ಲಾಸ್ಟಿಕ್ ಕವರು ಹಿಡಿದು ನಿಂತವರು. ಅಣ್ಣನ ಪಟ್ಟ ನಮಗೆ ಬಂದಾಯಿತು. ಪಟ್ಟದ ಜೊತೆ ತಮ್ಮನ ಜವಾಬ್ದಾರಿಯೂ ಬಂತಲ್ಲ! ಮುಂದೆ ನಿಂತವರನ್ನು ಉಜ್ಜಿ ನೋಡುವುದೇ ಆ ಮನೆತನದ ಕಸುಬಾದರೆ, ಈಗ ಉಜ್ಜಿಸಿಕೊಳ್ಳಬೇಕಾದವರು ನಾವೇ. ಮತದಾನದ ಹಿಂದಿನ ರಾತ್ರಿ ಬಾಗಿಲು ತಟ್ಟಿದ ಕವರು, ಸೈಟಿನ ನೋಂದಣಿಯಲ್ಲಿ ಬರೆಸಿದ ಬೆಲೆ, ಸರದಿ ತಪ್ಪಿಸಲು ಅಟೆಂಡರನ ಕೈಗೆ ಮಡಚಿಟ್ಟ ನೋಟು, ಇದೆಲ್ಲ ಯಾವ ಪ್ರಭುವಿನದು? ಕಾನೂನೂ ಈಗ ನಮ್ಮ ಕಡೆ ತಿರುಗಿ ನೋಡುತ್ತಿದೆ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ಪ್ರಕಾರ ಲಂಚ ಕೊಡುವುದೂ ಅಪರಾಧ, ಏಳು ವರ್ಷದವರೆಗೆ ಸಜೆ. ಒತ್ತಾಯಕ್ಕೆ ಕೊಟ್ಟವರು ಏಳು ದಿನದೊಳಗೆ ಹೋಗಿ ಹೇಳಿದರೆ ಬಚಾವು.

ಕಾಕಾ ಈ ಸಂಗತಿ ಕೇಳಿದ ಮೇಲೆ ಚಹಾದಂಗಡಿಯಲ್ಲಿದ್ದವರಿಗೆಲ್ಲ ಒಂದು ಸವಾಲು ಹಾಕಿದರು. ಲೋಕಾಯುಕ್ತದವರು ಒಂದು ಬಕೆಟ್ ಸೋಡಾ ನೀರು ತಂದು ಇಲ್ಲೇ ಇಟ್ಟರೆಂದುಕೊಳ್ಳಿ, ಸಾಹೇಬರಿಗಲ್ಲ, ನಮಗೆ. ಈ ವರ್ಷ ಕೊಟ್ಟದ್ದು, ತೊಗೊಂಡದ್ದು ಎರಡೂ ತೋರಿಸುವ ನೀರು. ಮೊದಲು ಕೈ ಅದ್ದುವವರು ಯಾರು? ಯಾರೂ ಮಾತಾಡಲಿಲ್ಲ. ಒಬ್ಬರಿಗೆ ಬಸ್ಸು ನೆನಪಾಯಿತು, ಒಬ್ಬರಿಗೆ ಫೋನು ಬಂತು. ಹುಡುಗ, ನಾಳೆಯ ಪ್ರೊಬೇಷನರು, ಎರಡೂ ಕೈ ಹಿಂದೆ ಕಟ್ಟಿಕೊಂಡು ಹೇಳಿದ:

“ನಂದು ಈಗ ಬ್ಯಾಡ ಕಾಕಾ. ಅಕ್ಕನ ಮದಿವ್ಯಾಗ ಮೆಹಂದಿ ಹಚ್ಕೊಂಡೀನಿ.”